ಚಿಕ್ಕಮ್ಮನಿಗೆ ಬಂದ ಕಾಗದ

ನಾಲ್ಕನೆಯ ಹುಕ್ಕಿಗೆ ದಾರ ಸುತ್ತುತ್ತಿದ್ದೆ. ಒಟ್ಟು ಏಳು ಹುಕ್ಕಿನ ಬ್ಲೌಸು. ಬರುವ ಶುಕ್ರವಾರ ತಾರಿಣಿಯ ನಿಶ್ಚಿತಾರ್ಥಕ್ಕೆಂದು ನಾನೇ ಅಳತೆ ತೆಗೆದು, ನಾನೇ ಕತ್ತರಿಸಿ, ಒಳಗೂ ಹೊರಗೂ ಹೊಲಿಗೆ ಒಂದೇ ಥರ ಕಾಣುವ ಹಾಗೆ ಹೊಲಿದದ್ದು. ಊರಿನವರ ಬ್ಲೌಸುಗಳಿಗೆ ಹುಕ್ಕಿಗೆ ನಾಲ್ಕು ಸುತ್ತು ದಾರ ಹಾಕುತ್ತೇನೆ. ಇದಕ್ಕೆ ಒಂಬತ್ತು ಹಾಕುತ್ತಿದ್ದೆ. ಐದನೆಯ ಸುತ್ತಿಗೆ ಸೂಜಿ ನನ್ನ ಬೆರಳನ್ನೇ ಚುಚ್ಚಿತು. ಇಪ್ಪತ್ತೈದು ವರ್ಷ ಹೊಲಿದ ಕೈ. ಕಣ್ಣು ಮುಚ್ಚಿಕೊಂಡರೂ ಚುಚ್ಚಿಸಿಕೊಳ್ಳುವುದಿಲ್ಲ. ಆದರೆ ಕಣ್ಣೆದುರು ಬ್ಲೌಸು ಇರಲೇ ಇಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದ ತಾರಿಣಿಯ ಬಲಗೈ ಇತ್ತು. ಅದರ ತೋರುಬೆರಳು ತುದಿಯಿಂದ ಮೊದಲ ಗೆಣ್ಣಿನವರೆಗೆ ನೀಲಿಯಾಗಿತ್ತು.

ನಮ್ಮ ಊರಿನಲ್ಲಿ ಬೆರಳಿಗೆ ಶಾಯಿ ಬಿದ್ದವರನ್ನು ಯಾರೂ ಏನೂ ಕೇಳುವುದಿಲ್ಲ. ಒಂದು ಸಲ ನೋಡಬಹುದು, ಎರಡನೆಯ ಸಲ ನೋಡುವುದು ಮರ್ಯಾದೆಯಲ್ಲ. ಅವರಿಗೆ ಮೊದಲು ಕಾಫಿ ಕೊಡಬೇಕು, ಬಚ್ಚಲ ಕಟ್ಟೆಯ ಮೇಲೆ ಒಂದು ಹೋಳು ನಿಂಬೆಹಣ್ಣು ಇಡಬೇಕು, ಅಷ್ಟೆ. ಶಾಲೆಯಲ್ಲಿ, ಕಚೇರಿಯಲ್ಲಿ ಎಲ್ಲರೂ ಬರೆಯುವುದು ಕಪ್ಪು ಶಾಯಿಯಲ್ಲಿ. ಹಾಗಾಗಿ ನೀಲಿ ಬೆರಳು ಕಂಡರೆ ಅನುಮಾನವೇ ಬೇಡ. ಆ ಮನುಷ್ಯ ನಿದ್ದೆಯಲ್ಲಿ ಕಾಗದ ಬರೆದಿದ್ದಾನೆ. ಏನು ಬರೆದೆ, ಯಾರಿಗೆ ಬರೆದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಬಾಯಿ ಬಿಟ್ಟು ಆಡಲಾರದ ಮಾತು ಯಾವುದೋ ಹೋಗಬೇಕಾದ ಕಡೆ ಹೊರಟಿದೆ ಎಂದಷ್ಟೇ ತಿಳಿದಿರುತ್ತದೆ. ಕೆಲವರು ಅರಿಶಿನ ಮೆತ್ತಿಕೊಂಡು ಬೆರಳು ಮುಚ್ಚುತ್ತಾರೆ. ಆಗ ಹಸಿರಾಗಿ ಇನ್ನಷ್ಟು ಎದ್ದು ಕಾಣುತ್ತದೆ.

ಆ ಕಾಗದ ಸಿಗುವುದು ಕಾಡಿನ ಸುತ್ತುದಾರಿಯಲ್ಲಿ. ಊರ ಹಿಂದಿನ ಕಾಡನ್ನು ಒಂದು ಬಳಸು ಬಳಸಿ ಮತ್ತೆ ಊರಿಗೇ ಬಂದು ಸೇರುವ ಕಾಲುದಾರಿ ಅದು. ಅಂಗೈ ಅಗಲದ ಮರದ ಪೆಟ್ಟಿಗೆ, ಜಾರುವ ಮುಚ್ಚಳ. ಇಂದು ಹುತ್ತದ ಹಿಂದೆ ಇದ್ದರೆ ನಾಳೆ ಬಿದಿರುಮೆಳೆಯ ಬುಡದಲ್ಲಿ. ಕಾಗದದ ಮೇಲೆ ಹೆಸರಿರುವುದಿಲ್ಲ. ಪೆಟ್ಟಿಗೆಗೆ ಹೆಸರು ತಿಳಿಯದು, ಸಂಬಂಧ ಮಾತ್ರ ತಿಳಿಯುತ್ತದೆ. ಮಾವನಿಗೆ, ನಾದಿನಿಗೆ, ಗೆಳತಿಗೆ ಎಂದು ಒಂದೇ ಶಬ್ದ ಬರೆದಿರುತ್ತದೆ. ತನ್ನದಲ್ಲವೆಂದು ಕಂಡರೆ ಮೊದಲ ಸಾಲಿಗೇ ನಿಲ್ಲಿಸಿ, ಮಡಚಿ, ಇದ್ದಲ್ಲೇ ಇಟ್ಟು ಬರಬೇಕು. ಸರಿಯಾದವರಿಗೆ ಅದು ಸಿಕ್ಕೇ ಸಿಗುತ್ತದೆ. ಅದಕ್ಕೇ ಊರಿನ ಹೆಂಗಸರೆಲ್ಲ ಮಧ್ಯಾಹ್ನದ ಕೆಲಸ ಮುಗಿಸಿ ನಾಲ್ಕು ಗಂಟೆಗೆ ಸುತ್ತಿಗೆ ಹೊರಡುವುದು. ಮೈಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹೇಳುತ್ತಾ ಎಡಕ್ಕೂ ಬಲಕ್ಕೂ ನೋಡುತ್ತಿರುತ್ತಾರೆ.

ನಾನು ಈ ಊರಿಗೆ ಬಂದು ಇಪ್ಪತ್ತೊಂದು ವರ್ಷ. ಒಂದು ದಿನವೂ ಸುತ್ತು ತಪ್ಪಿಸಿದವಳಲ್ಲ. ಪೆಟ್ಟಿಗೆ ನನಗೆ ಒಂದು ಸಲವೂ ಕಂಡಿಲ್ಲ.

ಅಕ್ಕ ತೀರಿಹೋದಾಗ ಅವಳ ಮಗಳು ತಾರಿಣಿಗೆ ಎರಡು ವರ್ಷ. ಮಗುವಿನ ಮುಖ ನೋಡಿ ನಾನು ಭಾವನನ್ನು ಮದುವೆಯಾದೆ. ಮಗುವಿಗೆ ನಾನು ಮೊದಲೇ ಚಿಕ್ಕಮ್ಮ, ಆಮೇಲೂ ಚಿಕ್ಕಮ್ಮ. ಅಕ್ಕನ ಜಾಗ ಕಸಿದುಕೊಂಡವಳು ಎಂದು ಯಾರೂ ಅನ್ನಬಾರದೆಂದು, ನಡುಮನೆಯಲ್ಲಿ ಅವಳ ದೊಡ್ಡ ಫೋಟೋ ಹಾಕಿಸಿ, ದಿನಾ ಸಂಜೆ ತಾರಿಣಿಯ ಕೈಯಲ್ಲೇ ದೀಪ ಹಚ್ಚಿಸುತ್ತಾ ಬಂದಿದ್ದೇನೆ. ‘ಅಮ್ಮನಿಗೆ ದೀಪ ಹಚ್ಚೇ’ ಎಂದು ನಾನೇ ಕೂಗುತ್ತೇನೆ.

ಕಷ್ಟವೆಂದರೆ, ತಾರಿಣಿಗೆ ಇನ್ನೊಬ್ಬಳು ಚಿಕ್ಕಮ್ಮ ಇದ್ದಾಳೆ. ನನ್ನ ಮೈದುನನ ಹೆಂಡತಿ ಪ್ರಫುಲ್ಲಾ, ನಮ್ಮ ಹಿತ್ತಿಲಿಗೆ ತಾಗಿದ ಹಿಂದಿನ ಮನೆಯವಳು. ತಾರಿಣಿ ಹಿತ್ತಿಲಲ್ಲಿ ನಿಂತು ‘ಚಿಕ್ಕಮ್ಮಾ’ ಎಂದರೆ ಎರಡು ಮನೆಯಿಂದ ಎರಡು ‘ಏನೇ’ ಏಳುತ್ತವೆ. ಅವಳ ಕಾಲು ಹೆಚ್ಚು ಸಲ ಯಾವ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತು. ಪ್ರಫುಲ್ಲಾ ನಗುವವಳು. ಅವಳ ಬ್ಲೌಸಿನ ಕಂಕುಳ ಹೊಲಿಗೆ ವರ್ಷಕ್ಕೆ ಎರಡು ಸಲ ಬಿಡುವುದು ನಕ್ಕು ನಕ್ಕೇ. ಅದನ್ನು ಮತ್ತೆ ಹಾಕಿಕೊಡುವವಳು ನಾನು. ತಾರಿಣಿಗೆ ತಲೆ ಬಾಚಿದ್ದು, ಕಷಾಯ ಕುಡಿಸಿದ್ದು, ಪರೀಕ್ಷೆಯ ದಿನ ಶಾಲೆಯ ಬಾಗಿಲವರೆಗೆ ಹೋಗಿ ನಿಂತದ್ದು ನಾನು. ಅವಳು ಹೋಗಿ ನಕ್ಕು ಬರುವುದು ಹಿಂದಿನ ಮನೆಯಲ್ಲಿ. ಪ್ರಫುಲ್ಲಳಿಗೆ ಪೆಟ್ಟಿಗೆ ಎರಡು ಸಲ ಸಿಕ್ಕಿದೆ. ಒಮ್ಮೆ ಕವಳೆ ಹಣ್ಣು ಕೀಳಲು ಕೈ ಹಾಕಿದಾಗ, ಇನ್ನೊಮ್ಮೆ ಸುಮ್ಮನೆ ಎಡವಿದಾಗ. ಅವಳು ಹುಡುಕಿರಲೂ ಇಲ್ಲ.

ಈಗ ತಾರಿಣಿಯ ಬೆರಳು ನೀಲಿಯಾಗಿತ್ತು. ಎಲ್ಲಿಯೋ ಒಂದು ಕಾಗದ ‘ಚಿಕ್ಕಮ್ಮನಿಗೆ’ ಎಂದು ಶುರುವಾಗಿ ಮಲಗಿದೆ ಎಂದು ನನಗೆ ಅನ್ನಿಸಿಬಿಟ್ಟಿತು. ಯಾವ ಚಿಕ್ಕಮ್ಮನಿಗೆ ಎಂದು ಮಾತ್ರ ಗೊತ್ತಿರಲಿಲ್ಲ.

“ಸರಸಿಜಾ, ಬರ್ತೀಯೇನೇ? ಇಲ್ಲಾ ಮಗಳ ಬ್ಲೌಸ್‌ಗೆ ಇನ್ನೂ ನೂರು ಹುಕ್ಕು ಬಾಕಿ ಇದ್ಯಾ?” ಗೇಟಿನ ಹತ್ತಿರ ಚೆಲುವಮ್ಮ. ಅರವತ್ತೈದು ದಾಟಿದವರು, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಗದ ಸಿಕ್ಕವರು. ಅವರ ಪಕ್ಕದಲ್ಲಿ ಚಪ್ಪಲಿ ಪಟಪಟ ಬಡಿಯುತ್ತ ಪ್ರಫುಲ್ಲಾ. ನಾನು ಸೂಜಿಯನ್ನು ಬ್ಲೌಸಿನ ಅಂಚಿಗೆ ಚುಚ್ಚಿಟ್ಟು ಎದ್ದೆ. ದಾರ ಕತ್ತರಿಸುವ ಪುಟ್ಟ ಕತ್ತರಿ ಎಂದಿನಂತೆ ಸೊಂಟದಲ್ಲೇ ಇತ್ತು.

ಬೇಲಿ ದಾಟಿ ಕಾಡಿಗೆ ಕಾಲಿಟ್ಟ ಕೂಡಲೇ ಪ್ರಫುಲ್ಲಾ, “ಅಕ್ಕ, ಇವತ್ತು ನೀನೇನು ಓಟದ ಸ್ಪರ್ಧೆಗೆ ಹೊರಟ ಹಾಗಿದೆ. ಸ್ವಲ್ಪ ನಿಧಾನ, ನನ್ನ ಮಂಡಿ ನಿನ್ನ ಮಂಡಿ ಅಲ್ಲ,” ಎಂದಳು.

“ನಿನ್ನ ಬಾಯಿ ನಡೆದಷ್ಟು ಕಾಲು ನಡೆದಿದ್ರೆ ಇಷ್ಟೊತ್ತಿಗೆ ಸುತ್ತು ಮುಗಿದಿರ್ತಿತ್ತು,” ಎಂದೆ. ತಮಾಷೆಯ ಹಾಗೆ ಹೇಳಬೇಕೆಂದಿದ್ದೆ, ಹಾಗೆ ಬರಲಿಲ್ಲ. ಅವಳು ಅದಕ್ಕೂ ನಕ್ಕಳು.

“ಬಿಡೇ, ಯಾರ್ದೋ ಬೆರಳು ನೀಲಿಯಾಗಿರ್ಬೇಕು ಅವರ ಮನೇಲಿ,” ಎಂದರು ಚೆಲುವಮ್ಮ. ಅವರ ವಯಸ್ಸಿಗೆ ಅಷ್ಟು ಸಲಿಗೆ ಇತ್ತು. “ಅವಸರ ಮಾಡಿದ್ರೆ ಅದು ಸಿಗಲ್ಲ ಸರಸಿಜಾ. ಸಿಕ್ಕಿದ್ದೆಲ್ಲ ನಮ್ಮದೂ ಆಗಿರಲ್ಲ. ನನಗೆ ಒಂದ್ಸಲ ಯಾವ್ದೋ ಮಗು ಬರೆದದ್ದು ಸಿಕ್ತು ನೋಡು, ಹನ್ನೊಂದು ವರ್ಷ ಆಗಿರ್ಬೇಕು. ‘ಅಮ್ಮನಿಗೆ’ ಅಂತ ಗುಂಡಗೆ ಬರೆದಿತ್ತು. ನನ್ನ ಮಕ್ಕಳಿಗೆ ಆಗ್ಲೇ ಮೀಸೆ ಬಂದಿತ್ತು. ಯಾವ ತಾಯಿದೋ ಅಂತ ಅಲ್ಲೇ ಇಟ್ಟೆ. ವಾರ ಬಿಟ್ಟು ಹೋದ್ರೂ ಅಲ್ಲೇ ಇತ್ತು. ತಿಂಗಳು ಬಿಟ್ಟು ಹೋದಾಗ ಮಳೆಗೆ ನೆಂದು ಮುದ್ದೆಯಾಗಿತ್ತು. ಅದೊಂದು ಮಾತ್ರ ನನಗೆ ಇವತ್ತಿಗೂ ಕೊರಗು. ಯಾವಳೋ ತಾಯಿ ಹುಡುಕೋಕೂ ಬರ್ಲಿಲ್ವಲ್ಲ ಅಂತ.”

“ಅಯ್ಯೋ ಪಾಪಿ ಯಾವಳೋ,” ಎಂದಳು ಪ್ರಫುಲ್ಲಾ. ನಾನೂ ಹೌದೆಂದು ತಲೆಯಾಡಿಸಿದೆ.

ಹೊನ್ನೆಮರದ ತಿರುವಿನಲ್ಲಿ ಚೆಲುವಮ್ಮ ಉಸಿರು ಸುಧಾರಿಸಿಕೊಳ್ಳಲು ಕಲ್ಲಿನ ಮೇಲೆ ಕೂತರು. ಪ್ರಫುಲ್ಲಾ ಅವರ ಕಾಲಿಗೆ ಹತ್ತಿದ ಮುಳ್ಳು ತೆಗೆಯುತ್ತ ಏನೋ ಹೇಳಿ ನಗಿಸುತ್ತಿದ್ದಳು. ನಾನು ಮುಂದೆ ಹೋದೆ. ದಾರಿ ಬಿಟ್ಟು ಒಳಗೂ ಹೋದೆ. ಅವಳಿಗಿಂತ ಮೊದಲು, ಅವಳಿಗಿಂತ ಮೊದಲು ಎಂದು ಎದೆ ಬಡಿದುಕೊಳ್ಳುತ್ತಿತ್ತು. ನಲವತ್ತೇಳು ವರ್ಷದ ಹೆಂಗಸು ಲಂಟಾನಾ ಪೊದೆಗೆ ಕೈ ಹಾಕಿ ಬಗೆಯುವುದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಸೆರಗು ಮುಳ್ಳಿಗೆ ಸಿಕ್ಕಿ ಪರ್‍ರನೆ ಹರಿಯಿತು. ಬಿಡಿಸಿಕೊಳ್ಳಲು ಬಗ್ಗಿದೆ. ಮತ್ತಿಮರದ ಬೇರಿನ ಸಂದಿನಲ್ಲಿ, ಒಣ ಎಲೆಗಳ ನಡುವೆ, ಅದು ಕೂತಿತ್ತು.

ಇಷ್ಟೇನಾ ಅನ್ನಿಸಿತು. ಉಪ್ಪಿನ ಪೆಟ್ಟಿಗೆಯಷ್ಟೂ ಇರಲಿಲ್ಲ. ಮುಚ್ಚಳ ಜಾರಿಸಲು ನನ್ನ ಕೈ ಮೂರು ಸಲ ತಪ್ಪಿತು. ಒಳಗೆ ನಾಲ್ಕು ಮಡಿಕೆಯ ಒಂದೇ ಹಾಳೆ. ಬಿಡಿಸಿದರೆ ತಾರಿಣಿಯ ಕೈಬರಹ, ಬಲಕ್ಕೆ ವಾಲಿದ ಸಾಲುಗಳು. ಮೊದಲ ಸಾಲು: ಚಿಕ್ಕಮ್ಮನಿಗೆ.

ಅಲ್ಲೇ ಬೇರಿನ ಮೇಲೆ ಕೂತುಬಿಟ್ಟೆ. ನನಗೇ, ನನಗೇ ಎಂದು ಜೋರಾಗಿ ಹೇಳಿಕೊಂಡೆನೋ ಏನೋ. ಆಮೇಲೆ ಓದಿದೆ.

‘ನನಗೆ ಈ ಸಂಬಂಧ ಬೇಡ. ಹುಡುಗ ಕೆಟ್ಟವನಲ್ಲ. ಮೊದಲ ಸಲ ಬಂದಾಗ ನನ್ನನ್ನು ತರುಣಿ ಅಂದ, ತಿದ್ದಿದೆ. ಎರಡನೇ ಸಲವೂ ತರುಣಿ ಅಂದ, ಮತ್ತೆ ತಿದ್ದಿದೆ. ಮೂರನೇ ಸಲ, ಯಾವುದಾದರೇನು, ಮದುವೆಯಲ್ಲಿ ಹೇಗೂ ಬೇರೆ ಹೆಸರು ಇಡುತ್ತೇವಲ್ಲ ಅಂದ. ಅಮ್ಮನಿಗೆ ಹೇಳೋಣ ಅಂತ ಮೂರು ದಿನದಿಂದ ಮೆಷಿನ್ ಪಕ್ಕ ಹೋಗಿ ನಿಂತು ವಾಪಸು ಬರುತ್ತಿದ್ದೇನೆ.’

ಅಮ್ಮ ಎಂದರೆ ಫೋಟೋದ ಅಕ್ಕ ಎಂದುಕೊಂಡೇ ಓದಿದ್ದೆ. ಮೆಷಿನ್ ಎಂಬ ಮಾತಿಗೆ ಬಂದು ನಿಂತೆ. ಫೋಟೋದಲ್ಲಿರುವವಳಿಗೆ ಹೊಲಿಗೆ ಮೆಷಿನ್ ಎಲ್ಲಿಯದು? ಆ ಸಾಲಿಗೆ ಮತ್ತೆ ಹೋದೆ, ಮತ್ತೆ ಬಂದೆ. ಕೈಯಲ್ಲಿನ ಕಾಗದ ನನ್ನದಲ್ಲ ಎಂಬುದು ಆಗ ಗೊತ್ತಾಯಿತು. ಅಲ್ಲಿಗೇ ಮಡಚಬೇಕಿತ್ತು. ಮಡಚಲಿಲ್ಲ.

‘ಅಮ್ಮ ತಲೆಯೆತ್ತದೆ ಹುಕ್ಕು ಹಾಕುತ್ತಿರುತ್ತಾಳೆ. ಒಂದೊಂದು ಹುಕ್ಕು ಬಿದ್ದ ಹಾಗೂ ನನ್ನ ಬಾಯಿಗೇ ಹಾಕಿದ ಹಾಗಾಗುತ್ತದೆ. ಅಮ್ಮನ ಖುಷಿ ಕೆಡಿಸುವುದು ನನ್ನಿಂದ ಆಗುವುದಿಲ್ಲ. ನೀನಾದರೆ ನಗುತ್ತಾ ಏನು ಬೇಕಾದರೂ ಹೇಳುತ್ತೀ, ನೀನೇ ಹೇಳು. ನಾನು ಅವಳನ್ನು ಅಮ್ಮ ಅಂತ ಕರೆದದ್ದು ಒಂದೇ ಸಲ, ಏಳನೇ ಕ್ಲಾಸಿನಲ್ಲಿ, ಜ್ವರ ಬಂದಾಗ. ನಿನ್ನ ಅಮ್ಮ ಫೋಟೋದಲ್ಲಿದ್ದಾಳೆ, ನಾನು ಚಿಕ್ಕಮ್ಮ ಅಂದಳು. ಆಮೇಲೆ ಮನಸ್ಸಿನಲ್ಲೇ ಕರೆಯುವುದು ಅಭ್ಯಾಸವಾಯಿತು. ಇದನ್ನು ಮಾತ್ರ ಅವಳಿಗೆ ಹೇಳಬೇಡ, ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ.’

ಆ ಜ್ವರ ನನಗೆ ನೆನಪಿತ್ತು. ಒದ್ದೆ ಬಟ್ಟೆ ಬದಲಾಯಿಸುತ್ತ ಹಾಗೆಂದದ್ದೂ ನೆನಪಿತ್ತು. ಸತ್ತ ಅಕ್ಕನಿಗೆ ಅನ್ಯಾಯ ಮಾಡಲಿಲ್ಲವೆಂದು ಆ ದಿನ ಹೆಮ್ಮೆಪಟ್ಟುಕೊಂಡಿದ್ದೆ. ಏಳನೆಯ ಕ್ಲಾಸೆಂದರೆ ಹನ್ನೊಂದು ವರ್ಷದ ಹಿಂದೆ. ಗುಂಡಗೆ ‘ಅಮ್ಮನಿಗೆ’ ಎಂದು ಬರೆದು, ಮಳೆಗೆ ಮುದ್ದೆಯಾಗಿ ಹೋದ ಕಾಗದ. ಹುಡುಕಲು ಬಾರದ ಪಾಪಿ ದಿನಾ ನಾಲ್ಕು ಗಂಟೆಗೆ ಇದೇ ದಾರಿಯಲ್ಲಿ, ಎಡಕ್ಕೂ ಬಲಕ್ಕೂ ನೋಡುತ್ತಲೇ ನಡೆದಿದ್ದಳು. ಅವಳು ಹುಡುಕುತ್ತಿದ್ದದ್ದು ಬೇರೆ ಶಬ್ದವನ್ನು.

ಇಷ್ಟಾದರೂ ಹೊಟ್ಟೆಯ ಉರಿ ಆರಲಿಲ್ಲ ಎಂದರೆ ನೀವು ನನ್ನನ್ನು ಏನೆನ್ನುತ್ತೀರೋ. ಆರಲಿಲ್ಲ. ಅಮ್ಮ ಎಂದಿದ್ದಾಳೆ ನಿಜ, ಆದರೆ ಯಾರ ಹತ್ತಿರ ಹೇಳಿದ್ದಾಳೆ? ಹೆದರಿದ್ದು ನನಗೆ, ನಂಬಿದ್ದು ಅವಳನ್ನು. ಈ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗಿ, ‘ಯಾಕೋ ಈ ಹುಡುಗ ನನಗೆ ಸರಿಬರಲಿಲ್ಲ, ಬೇಡ’ ಎಂದು ನಾನೇ ಅಂದುಬಿಟ್ಟರೆ? ಸಂಬಂಧ ತಪ್ಪುತ್ತದೆ, ಹುಡುಗಿ ಬದುಕಿಕೊಳ್ಳುತ್ತಾಳೆ, ಪ್ರಫುಲ್ಲಳಿಗೆ ಹೇಳಲು ಏನೂ ಉಳಿಯುವುದಿಲ್ಲ. ಐದು ನಿಮಿಷ ಆ ಯೋಚನೆಯ ಸುಖದಲ್ಲಿ ಕೂತಿದ್ದೆ. ಆಮೇಲೆ ತಾರಿಣಿಯ ಮುಖ ಕಂಡಿತು. ಇನ್ನು ಮೇಲೆ ಅವಳು ಪ್ರಫುಲ್ಲಳ ಮುಖ ನೋಡುತ್ತಾ ಕಾಯುವಳು. ಏನು ಬರೆದೆನೆಂದು ತಿಳಿಯದಿದ್ದರೂ ಒಳಗಿನ ಮನಸ್ಸು ಕಾಯುತ್ತದೆ. ಪ್ರಫುಲ್ಲಾ ಎಂದಿನಂತೆ ನಗುತ್ತ ಓಡಾಡಿದರೆ, ಇವಳಿಗೂ ಹೇಳಿ ಪ್ರಯೋಜನವಾಗಲಿಲ್ಲ ಎಂದುಕೊಳ್ಳುವಳು. ನನ್ನಿಂದ ಒಂದು ಕಾಗದ ಆಗಲೇ ನೆಂದು ಹಾಳಾಗಿದೆ. ಎರಡನೆಯದೂ ಬೇಕೇ?

ಕಾಗದವನ್ನು ತೊಡೆಯ ಮೇಲೆ ಹರಡಿ ಎಣಿಸಿದೆ. ಆರು ಕಡೆ ಅಮ್ಮ ಎಂದಿತ್ತು. ಒಂದು ಅಕ್ಕನದು. ಐದು ನನ್ನವು. ಹಾಳೆಯ ಹಿಂಬದಿ ಖಾಲಿ. ಸೊಂಟದಿಂದ ಕತ್ತರಿ ತೆಗೆದೆ. ‘ತಲೆಯೆತ್ತದೆ ಹುಕ್ಕು ಹಾಕುತ್ತಿರುತ್ತಾಳೆ’ ಎಂಬುದಕ್ಕೆ ಮೊದಲಿನ ‘ಅಮ್ಮ’ ಇಲ್ಲದಿದ್ದರೂ ಅರ್ಥಕ್ಕೆ ಏನೂ ಆಗುವುದಿಲ್ಲ. ಸುತ್ತಲೂ ಒಂದು ಎಳೆ ಜಾಗ ಬಿಟ್ಟು, ಮೂಲೆ ಮುರಿಯದಂತೆ, ಗುಂಡಿಗೆ ಕಾಜಾ ಕತ್ತರಿಸುವ ಹಾಗೆ ಆ ಒಂದು ಶಬ್ದವನ್ನು ಕತ್ತರಿಸಿಕೊಂಡೆ. ಪ್ರಫುಲ್ಲಳಿಗೆ ನಾಲ್ಕು ಸಾಕು. ಉಳಿದದ್ದನ್ನು ಇದ್ದ ಹಾಗೇ ಮಡಚಿ, ಪೆಟ್ಟಿಗೆಯಲ್ಲಿಟ್ಟು, ಎಲೆ ಸರಿಸಿ, ದಾರಿಗೆ ಬಂದೆ.

“ಎಲ್ಲಿ ಮಾಯ ಆಗಿದ್ದೆ ಅಕ್ಕ? ಚೆಲುವಮ್ಮ ಆಗ್ಲೇ ಚಿರತೆ ಕಥೆ ಶುರು ಮಾಡಿದ್ರು,” ಎಂದಳು ಪ್ರಫುಲ್ಲಾ.

“ಸೆರಗು ಮುಳ್ಳಿಗೆ ಸಿಕ್ತು. ನೀವು ಮುಂದೆ ಹೋಗಿರ್ತೀರಿ ಅಂದ್ಕೊಂಡೆ.”

“ತೋರ್ಸು. ಅಯ್ಯೋ, ಇಷ್ಟುದ್ದ ಹರಿದಿದೆಯಲ್ಲೇ. ಊರಿನವರ ಬಟ್ಟೆಯೆಲ್ಲ ಹೊಲೀತೀಯ, ನಿಂದೇ ಹರ್ಕೊಂಡು ಬರ್ತೀಯ.” ನಾಲ್ಕು ಹೆಜ್ಜೆ ನಡೆದವಳು ನಿಂತಳು. “ನೀವು ಹೋಗ್ತಿರಿ. ಚಪ್ಪಲೀಲಿ ಕಲ್ಲು ಸೇರ್ಕೊಂಡಿದೆ, ಕೊಡವಿಕೊಂಡು ಬಂದೆ.”

ನಾನು ತಿರುಗಿ ನೋಡಲಿಲ್ಲ. ಚೆಲುವಮ್ಮನ ಚಿರತೆ ಎರಡು ಆಡು ಹಿಡಿದು ಮೂರನೆಯದಕ್ಕೆ ಹೊಂಚು ಹಾಕುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಪಟಪಟ ಕೇಳಿತು. ಪ್ರಫುಲ್ಲಾ ಬಂದು ಸೇರಿಕೊಂಡಳು. ಅಲ್ಲಿಂದ ಊರ ಬೇಲಿಯವರೆಗೆ ಅವಳು ಒಂದು ಸಲವೂ ನಗಲಿಲ್ಲ. ಚೆಲುವಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಚಿರತೆಯನ್ನು ಕಾಡಿನಲ್ಲೇ ಬಿಟ್ಟು ಮನೆಗೆ ಹೋದರು.

ಸೂರ್ಯ ಇಳಿಯುವ ಹೊತ್ತಿಗೆ ಪ್ರಫುಲ್ಲಾ ಬಟ್ಟಲಿನಲ್ಲಿ ಕೋಸಂಬರಿ ಹಿಡಿದು ನಮ್ಮ ಹಿಂಬಾಗಿಲಿಗೆ ಬಂದಳು. ತಾರಿಣಿ ಬಚ್ಚಲಿನಲ್ಲಿ ನಿಂಬೆಹೋಳಿನಿಂದ ಬೆರಳು ಉಜ್ಜುತ್ತಿದ್ದಳು. ನೀರಿನ ಸದ್ದು ಕೇಳುತ್ತಿತ್ತು. ನಾನು ಬ್ಲೌಸು ಹಿಡಿದು ಕೂತಿದ್ದೆ, ಐದನೆಯ ಹುಕ್ಕು ಕೈಯಲ್ಲೇ ಇತ್ತು.

“ಅಕ್ಕ, ಒಂದು ಮಾತು ಹೇಳ್ತೀನಿ. ನೀನು ಕೋಪ ಮಾಡ್ಕೋಬಾರ್ದು.”

“ಕೇಳೋಕ್ಕಿಂತ ಮುಂಚೆ ಹೇಗೆ ಮಾತು ಕೊಡ್ಲಿ?”

“ಈ ಹುಡುಗ ಬೇಡ ಅಕ್ಕ ನಮ್ಮ ತಾರಿಣಿಗೆ. ಯಾಕೆ ಅಂತ ಕೇಳ್ಬೇಡ. ಹೆಸರು ಸರಿಯಾಗಿ ಹಿಡ್ಕೊಳ್ಳೋಕೆ ಬರದವನು ಕೈ ಹೇಗೆ ಹಿಡೀತಾನೆ ಅಂತ ಇಟ್ಕೋ.” ಹೇಳಿದ ಮೇಲೆ ನಗಲು ನೋಡಿದಳು, ಆಗಲಿಲ್ಲ. ಬಟ್ಟಲನ್ನು ಕೆಳಗಿಡದೆ ಹೊಸ್ತಿಲಲ್ಲೇ ನಿಂತಿದ್ದಳು. ಪ್ರಫುಲ್ಲಳಿಗೂ ನನ್ನ ಮುಂದೆ ಮಾತಾಡಲು ಭಯವಿದೆ ಎಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

“ಬೇಡ ಅಂದ್ರೆ ಬೇಡ,” ಎಂದೆ. “ನಾಳೆ ಬೆಳಿಗ್ಗೆ ಇವರನ್ನೇ ಕಳಿಸಿ ಅವರ ಮನೆಗೆ ಹೇಳಿಸ್ತೀನಿ.”

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು.

“ಅಷ್ಟೇನಾ?” ಎಂದಳು ಪ್ರಫುಲ್ಲಾ. “ನಾನು ನೀನು ಕತ್ತರಿ ಎಸೀತೀಯ ಅಂತ ಬಾಗಿಲ ಹತ್ರಾನೇ ನಿಂತಿದ್ದೆ.”

“ಕತ್ತರಿಗೆ ಬೇರೆ ಕೆಲಸ ಇಲ್ವಾ.”

ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಹೋಗುವವಳು, ಮತ್ತೆ ನಿಂತಳು. “ಕಾಡಲ್ಲಿ ಈ ವರ್ಷ ಗೆದ್ದಲು ಜಾಸ್ತಿಯಾಗಿದೆ ಅಕ್ಕ. ಎಷ್ಟು ನೀಟಾಗಿ ತಿನ್ನತ್ತೆ ಅಂತೀಯ. ಅಳತೆ ಇಟ್ಟು ತೆಗೆದ ಹಾಗೆ.”

ಹುಕ್ಕಿನ ಮೇಲೆ ಕಣ್ಣಿಟ್ಟೇ ಹೇಳಿದೆ. “ಗೆದ್ದಲಿಗೂ ಹಸಿವಿರತ್ತಲ್ಲ.”

“ಇರ್ಲಿ ಬಿಡು,” ಎಂದಳು ಅವಳು ಮೆತ್ತಗೆ. “ಅದಕ್ಕೆ ಸೇರಬೇಕಾದ್ದನ್ನೇ ತಿಂದಿದೆ.” ಹಿತ್ತಿಲು ದಾಟುವಾಗ ಅವಳ ನಗು ಕೇಳಿತು, ಎಂದಿನದೇ. ಆ ನಗು ಕೇಳಿ ಆಗಲೂ ನನಗೆ ಸ್ವಲ್ಪ ಉರಿಯಿತು. ಸುಳ್ಳು ಯಾಕೆ ಹೇಳಲಿ?

ತಾರಿಣಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬೆರಳು ಬೆಳ್ಳಗಾಗಿತ್ತು. ನನ್ನ ಮುಖ ನೋಡಲಿಲ್ಲ, ಮೆಷಿನ್ನಿನ ಪಕ್ಕ ಬಂದು ನಿಂತಳು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಅವಳು ಏನೋ ಹೇಳಹೊರಟು, “ಕೋಸಂಬರಿಗೆ ಉಪ್ಪು ಸರಿಯಾಗಿದ್ಯಾ ನೋಡ್ಲಾ ಚಿಕ್ಕಮ್ಮ?” ಎಂದಳು.

“ನೋಡು,” ಎಂದೆ.

ಅವಳು ಹಾಗೇ ಬಟ್ಟಲು ಹಿಡಿದು ನಡುಮನೆಗೆ ಹೋದಳು. ದೀಪದ ಹೊತ್ತಾಗಿತ್ತು. ನಾನು ಕೂಗುವ ಮೊದಲೇ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿತು. ಬ್ಲೌಸಿಗೆ ಹಾಕಿದ್ದ ನಾಲ್ಕು ಹುಕ್ಕುಗಳನ್ನು ಬಿಚ್ಚತೊಡಗಿದೆ. ಒಂಬತ್ತು ಸುತ್ತಿನವು, ಸುಲಭಕ್ಕೆ ಬರಲಿಲ್ಲ. ಬಿಚ್ಚಿದ ಮೇಲೆ ನನ್ನ ಹರಿದ ಸೆರಗನ್ನು ಮಡಿಲಿಗೆಳೆದುಕೊಂಡು, ಕಾಗದದ ಆ ಚೂರನ್ನು ಅಂಚಿನ ಮಡಿಕೆಯೊಳಗೆ ಇಟ್ಟು, ಹೊಲಿದೆ. ಒಳಗೂ ಹೊರಗೂ ಒಂದೇ ಥರ ಕಾಣುವ ಹೊಲಿಗೆ. ಅಲ್ಲಿ ಏನಿದೆ ಎಂದು ನೋಡಿದವರಿಗೆ ತಿಳಿಯುವುದಿಲ್ಲ.

ಹೊಲಿಯುತ್ತಲೇ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿಕೊಂಡೆ. ಕಾಗದದ ಮಾತನ್ನು ನಾನು ಆಡುವಂತಿಲ್ಲ, ಓದಿದೆನೆಂದು ಹೇಳುವಂತಿಲ್ಲ, ಹೀಗೆ ಕರೆ ಎಂದು ಯಾರನ್ನೂ ಕೇಳುವಂತೆಯೂ ಇಲ್ಲ. ಆದರೆ ನಾಳೆ ಸಂಜೆ ದೀಪದ ಹೊತ್ತಿಗೆ ಕೂಗುವವಳು ನಾನೇ. ಇಪ್ಪತ್ತೊಂದು ವರ್ಷ ಕೂಗಿದ ಹಾಗೆ ‘ಅಮ್ಮನಿಗೆ’ ಎಂದು ಕೂಗುವುದಿಲ್ಲ. ‘ನನ್ನ ಅಕ್ಕನಿಗೆ ದೀಪ ಹಚ್ಚೇ ತಾರಿಣಿ’ ಎನ್ನುತ್ತೇನೆ. ಅಕ್ಕ ನನಗೆ ಅಕ್ಕನೇ, ಅದರಲ್ಲಿ ಅವಳಿಗೆ ಅನ್ಯಾಯವೇನೂ ಇಲ್ಲ. ಇನ್ನೊಂದು ಶಬ್ದ ಆಗ ಈ ಮನೆಯಲ್ಲಿ ಖಾಲಿ ಇರುತ್ತದೆ. ಖಾಲಿ ಇರಲಿ.